ಏಳು ಗಳಿಗೆಯ ನೀರು

ನಮ್ಮ ಹೊಲದ ಮೋಟಾರು ಮನೆಯಲ್ಲಿ, ಸ್ಟಾರ್ಟರಿನ ಪೆಟ್ಟಿಗೆಯ ಮಗ್ಗುಲಿಗೆ, ಅಂಗೈ ಅಗಲವೂ ಇಲ್ಲದ ಒಂದು ಬಿಳಿಯ ಡಬ್ಬಿ ಈಗ ಒಂದು ವರ್ಷದಿಂದ ಕುಳಿತಿದೆ. ಅದರ ಮುಖದ ಮೇಲೆ ಎರಡು ತಿರುಪುಗಳಿವೆ, ಒಂದು ಹಸಿರು ದೀಪವೂ ಒಂದು ಕೆಂಪು ದೀಪವೂ ಇವೆ. ಮೋಟಾರು ಇಷ್ಟು ಹೊತ್ತು ನಡೆಯಲಿ, ಆಮೇಲೆ ಇಷ್ಟು ಹೊತ್ತು ಸುಮ್ಮನಿರಲಿ ಎಂದು ಆ ತಿರುಪುಗಳನ್ನು ಒಮ್ಮೆ ತಿರುಗಿಸಿಟ್ಟರೆ, ಹಗಲೆನ್ನದೆ ಇರುಳೆನ್ನದೆ, ಯಾರ ಮುಲಾಜಿಗೂ ಒಳಗಾಗದೆ, ಅದು ಆ ಮಾತನ್ನು ನಡೆಸಿಕೊಂಡು ಬರುತ್ತದೆ. ಊರವರು ಅದನ್ನು ಟೈಮರ್ ಎಂದು ಕರೆಯುತ್ತಾರೆ. ಮಕ್ಕಳಿಗೆ 34 ವರ್ಷ ಗಣಿತವನ್ನು ಬೋಧಿಸಿ ನಿವೃತ್ತನಾದ ನಾನು, ಇಂತಿಷ್ಟು ನಲ್ಲಿಗಳು ಇಂತಿಷ್ಟು ತಾಸಿನಲ್ಲಿ ಒಂದು ತೊಟ್ಟಿಯನ್ನು ತುಂಬಿದರೆ ಎಂಬ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ನೆನಪಿಲ್ಲ. ಆದರೆ ಆ ಲೆಕ್ಕದೊಳಗೆ ಅಡಗಿದ್ದ ಒಂದು ಧರ್ಮದ ಮಾತು ನನಗೆ ತಿಳಿದುಬಂದದ್ದು ಈ ಡಬ್ಬಿಯನ್ನು ಗೋಡೆಗೆ ಕೂಡಿಸಿದ ಮೇಲೆ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೂಡ್ಲಿಗಿ ಸೀಮೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರೂಪುಗೊಂಡಾಗ ಹೊಸಪೇಟೆಯೊಡನೆ ಸೇರಿಕೊಂಡ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲೂಕುಗಳಲ್ಲಿ ಜಲಭಾಗ್ಯವು ಸಮನಾಗಿ ಹಂಚಿಹೋಗಿಲ್ಲ. ಹಡಗಲಿಯ ಅಂಚನ್ನು ತುಂಗಭದ್ರೆ ತೋಯಿಸಿಕೊಂಡು ಹೋಗುತ್ತಾಳೆ. ಹಗರಿಬೊಮ್ಮನಹಳ್ಳಿಯ ಸೀಮೆಯವರೆಗೆ, 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಚಾಚಿಕೊಂಡಿದೆ. ಕೂಡ್ಲಿಗಿಯೋ ಎತ್ತರದ ಒಣನೆಲ. ಅಣೆಕಟ್ಟಿನ ಕಾಲುವೆಗಳು ತಗ್ಗನ್ನು ಹುಡುಕಿಕೊಂಡು ಮೂಡಲಿಗೆ ಹರಿದುಹೋದವು, ನಮ್ಮ ದಿಬ್ಬಗಳನ್ನು ಏರಿ ಬರುವುದು ಅವುಗಳ ಶಕ್ತಿಗೆ ಮೀರಿದ್ದಾಗಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ದೇವರು ಕಣ್ಣು ತೆರೆದನೆಂದು ಕೈಮುಗಿಯುವ ಜನ ನಾವು. ಶೇಂಗಾ, ಜೋಳ, ಸಜ್ಜೆ, ಈಚೆಗೆ ಮೆಕ್ಕೆಜೋಳ, ದಾರಿಯ ಇಕ್ಕೆಲಗಳಲ್ಲಿ ಹುಣಸೆಯ ಮರಗಳು, ಅವುಗಳಾಚೆ ಗುಡೇಕೋಟೆಯ ಕಡೆಗೆ ಬಂಡೆಯ ಮೇಲೆ ಬಂಡೆಯನ್ನು ಪೇರಿಸಿಟ್ಟಂತಿರುವ ಕರಡಿಯ ಗುಡ್ಡಗಳು: ಇದಿಷ್ಟು ನಮ್ಮ ಹೊರನೋಟ. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಗಾದೆ ಈ ಭಾಗದಲ್ಲಿ ಉಂಟು. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯೊಳಗಿನ ಕೆತ್ತನೆಯ ಸೊಗಸನ್ನು ಕುರಿತು ಹುಟ್ಟಿದ ಆ ಮಾತು ನಮ್ಮ ನೆಲಕ್ಕೂ ಒಪ್ಪುತ್ತದೆಂದು ನಾನು ಭಾವಿಸುತ್ತೇನೆ. ಏಕೆಂದರೆ ಇಲ್ಲಿಯ ಸಂಪತ್ತಾದ ನೀರು ಮೇಲೆ ಎಲ್ಲಿಯೂ ಕಾಣುವುದಿಲ್ಲ. ಅದು ಕಗ್ಗಲ್ಲಿನ ಬಿರುಕುಗಳಲ್ಲಿ, ಒಂದು ಬಿರುಕಿನಿಂದ ಇನ್ನೊಂದಕ್ಕೆ ಜಿನುಗುತ್ತ, ಬಹು ನಿಧಾನವಾಗಿ ಸಂಚರಿಸುತ್ತಿರುತ್ತದೆ.

ನನ್ನ ಬಾಲ್ಯದಲ್ಲಿ ಆ ಒಳಗಿನ ನೀರನ್ನು ಇಳಿದುಹೋಗಿ ಮುಟ್ಟಬಹುದಾಗಿತ್ತು. ಅಜ್ಜನ ಹೊಲದಲ್ಲಿ ಕಲ್ಲು ಕಟ್ಟಿದ ಚೌಕನೆಯ ಬಾವಿಯೊಂದಿತ್ತು. ಒಂದು ಮಗ್ಗುಲಿಗೆ ಮೆಟ್ಟಿಲುಗಳು, ಎದುರಿನ ಮಗ್ಗುಲಿಗೆ ಕಪಿಲೆ. ಮುಂಜಾವಿನಲ್ಲಿ ಎರಡು ಎತ್ತುಗಳು ಇಳಿಜಾರಿನಲ್ಲಿ ಹಗ್ಗವನ್ನು ಎಳೆದುಕೊಂಡು ಕೆಳಗಿಳಿದಂತೆ ತೊಗಲಿನ ಚೀಲ ತುಂಬಿಕೊಂಡು ಮೇಲಕ್ಕೆ ಬರುತ್ತಿತ್ತು, ಕಲ್ಲಿನ ದೋಣಿಯಲ್ಲಿ ನೀರು ಭೋರೆಂದು ಸುರಿಯುತ್ತಿತ್ತು, ಎತ್ತುಗಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಏರಿದಂತೆ ಬರಿದಾದ ಚೀಲ ಮತ್ತೆ ಕೆಳಗಿಳಿಯುತ್ತಿತ್ತು. ಬಿಸಿಲೇರುವ ಹೊತ್ತಿಗೆ ಎತ್ತುಗಳ ಬಾಯಿಂದ ನೊರೆ ಕಾಣಿಸಿಕೊಳ್ಳುತ್ತಲೂ ಅಜ್ಜ ಕೊಳ್ಳು ಹರಿದು ಅವುಗಳನ್ನು ಹುಣಸೆಯ ನೆರಳಿಗೆ ಕಟ್ಟುತ್ತಿದ್ದನು. ಅಷ್ಟರೊಳಗೆ ನೀರು ಹನ್ನೊಂದನೆಯ ಮೆಟ್ಟಿಲಿಗೆ ಇಳಿದಿರುತ್ತಿತ್ತು. ಆಗ ಶಾಲೆಯಿಂದ ಓಡಿಬಂದ ಹುಡುಗರ ಸರದಿ. ಒಣಗಿದ ಸೋರೆಬುರುಡೆಯನ್ನು ನಡುವಿಗೆ ಕಟ್ಟಿ ಚಿಕ್ಕಪ್ಪ ನನ್ನನ್ನು ಮೊದಲ ಸಲ ನೀರಿಗೆ ನೂಕಿದ ದಿನ, ಮೂಗಿನೊಳಗೆ ಹೊಕ್ಕ ಆ ತಣ್ಣನೆಯ ಪಾಚಿಯ ವಾಸನೆ, ಕಿವಿಯ ಹತ್ತಿರವೇ ಮೊಳಗಿದ ಗೆಳೆಯರ ಕೂಗು, ಕಲ್ಲಿನ ಸಂದಿಯಿಂದ ಹಾರಿಹೋದ ಪಾರಿವಾಳಗಳ ರೆಕ್ಕೆಯ ಸದ್ದು, ಇವೆಲ್ಲ ಇಂದಿಗೂ ನನ್ನ ಮೈಯಲ್ಲಿ ಉಳಿದಿವೆ. ನಾವು ಈಜಾಡುತ್ತಿದ್ದಂತೆ ಬಾವಿ ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು. ಹತ್ತನೆಯ ಮೆಟ್ಟಿಲು ಮುಳುಗಿತು, ಒಂಬತ್ತನೆಯದು ಮುಳುಗಿತು ಎಂದು ಎಣಿಸುವುದು ನಮಗೊಂದು ಆಟವಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಂಟನೆಯದೂ ಮುಳುಗಿರುತ್ತಿತ್ತು.

ಆ ದಿನಗಳಲ್ಲಿ ಬಾವಿಗೆ ವಿಶ್ರಾಂತಿ ಕೊಡಬೇಕೆಂದು ಯಾರೂ ಉಪದೇಶಿಸಿದವರಲ್ಲ. ಎತ್ತಿನ ದಣಿವೇ ಬಾವಿಯ ವಿಶ್ರಾಂತಿಯಾಗಿತ್ತು. ಜೀವವಿದ್ದ ಯಂತ್ರ ತಾನು ಬಳಲಿದಾಗ ನಿಲ್ಲುತ್ತಿತ್ತು, ಅದು ನಿಂತುದರಿಂದ ನೆಲಕ್ಕೆ ಉಸಿರಾಡಲು ಅವಕಾಶ ದೊರೆಯುತ್ತಿತ್ತು. ಬಾವಿಗಳ ತರುವಾಯ ಬೋರು ಬಂದಿತು, ಬೋರಿನೊಳಗೆ ನೀರಿನಲ್ಲಿಯೇ ಮುಳುಗಿ ಕೆಲಸ ಮಾಡುವ ಮೋಟಾರು ಬಂದಿತು. ಅದಕ್ಕೆ ಬಾಯಲ್ಲಿ ನೊರೆ ಬರುವುದಿಲ್ಲ, ಮೊಣಕಾಲು ಕುಸಿಯುವುದಿಲ್ಲ. ಸಾಕೆಂದು ಹೇಳುವ ಪ್ರಾಣಿಯೊಂದು ನಮ್ಮ ಮತ್ತು ನೀರಿನ ನಡುವೆ ಇದ್ದುದು ಇಲ್ಲವಾಯಿತು. ಅಜ್ಜನ ಬಾವಿ ಮೊದಲು ಇಪ್ಪತ್ತನೆಯ ಮೆಟ್ಟಿಲಿಗೆ ಇಳಿದು, ಬಳಿಕ ಕೆಸರಾಗಿ, ಕೊನೆಗೆ ಕಸ ತುಂಬಿಕೊಂಡಿತು. ನನ್ನ ಮಕ್ಕಳು ಅದರಲ್ಲಿ ಈಜಲಿಲ್ಲ.

ಈಗಿನ ನಮ್ಮ ಬೋರಿನ ಆಳ 520 ಅಡಿ. 5 ಎಚ್‌ಪಿಯ ಮೋಟಾರನ್ನು 400 ಅಡಿಗೆ ಇಳಿಬಿಟ್ಟಿದ್ದೇವೆ. ರಾಜ್ಯದಲ್ಲಿ 10 ಎಚ್‌ಪಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಮೂರು ಫೇಸಿನ ಕರೆಂಟು ದಿನಕ್ಕೆ 7 ತಾಸು, ಅದೂ ಸರದಿಯ ಮೇಲೆ, ಕೆಲವು ತಾಸು ಹಗಲಿನಲ್ಲಿ, ಕೆಲವು ತಾಸು ಇರುಳಿನಲ್ಲಿ. ನಡುರಾತ್ರಿಯಲ್ಲಿ ಕರೆಂಟು ಬಂದಿತೆಂದು ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುವುದು ನಮ್ಮ ಕಡೆಯ ರೈತನಿಗೆ ಎಂತಹ ಪರೀಕ್ಷೆಯೆಂಬುದನ್ನು ಗುಡ್ಡದ ಸೆರಗಿನಲ್ಲಿ ಬಾಳಿದವರೇ ಬಲ್ಲರು. ಕಾಲಡಿಗೆ ಹಾವು ಬರಬಹುದು. ಶೇಂಗಾ ಕೀಳುವ ಕಾಲದಲ್ಲಿ, ಹಣ್ಣು ಮಾಗುವ ಕಾಲದಲ್ಲಿ ಮರಿಗಳನ್ನು ಬೆನ್ನಮೇಲೆ ಹೊತ್ತ ಕರಡಿ ಎದುರಾಗಬಹುದು. ಆದಕಾರಣ ಎಲ್ಲರೂ ಮಾಡಿದಂತೆ ನಾನೂ ಆಟೋ ಸ್ವಿಚ್ಚನ್ನು ಹಾಕಿಸಿದೆನು: ಕರೆಂಟು ಬಂದ ಕೂಡಲೆ ಮೋಟಾರು ತಾನಾಗಿ ಹೊರಡುವುದು, ಕರೆಂಟು ಹೋದಾಗ ನಿಲ್ಲುವುದು. ಇದರಿಂದ ಇರುಳಿನ ಸಂಚಾರ ತಪ್ಪಿತು, ಆದರೆ ಬೋರಿನ ಸಂಕಟ ಹೆಚ್ಚಿತು. ಅರ್ಧ ತಾಸಿನೊಳಗೆ ನೀರು ಕೆಳಗೆ ಸರಿದುಹೋಗಿ ಪೈಪಿನ ಬಾಯಿಂದ ಗಾಳಿಯೂ ನೀರೂ ಕೂಡಿ ಕೆಮ್ಮಿದಂತೆ ಬೀಳುತ್ತಿದ್ದರೂ ಮೋಟಾರು ಮಾತ್ರ 7 ತಾಸೂ ಗುಂಯ್ಗುಡುತ್ತಲೇ ಇರುತ್ತಿತ್ತು. ಬೋರಿನ ಮೋಟಾರನ್ನು ತಂಪಾಗಿಡುವುದು ಅದರ ಮೈಯನ್ನು ತೊಳೆದುಕೊಂಡು ಮೇಲಕ್ಕೇರುವ ನೀರೇ. ಆ ನೀರು ತಪ್ಪಿದರೆ ಒಳಗಿನ ವೈಂಡಿಂಗ್ ಕಾದು ಕರಗುತ್ತದೆ. ಎರಡು ವರ್ಷಗಳಲ್ಲಿ ಮೂರು ಸಲ ನಮ್ಮ ಮೋಟಾರು ಸುಟ್ಟಿತು. ಮೂರು ಸಲವೂ 400 ಅಡಿ ಪೈಪನ್ನು ಬಿಚ್ಚಿ ಎತ್ತಿ, ಸುಟ್ಟ ಅರಗಿನ ವಾಸನೆಯ ತಾಮ್ರದ ತಂತಿಯನ್ನು ನೋಡುತ್ತ ನಿಂತು, ಹೊಸದಾಗಿ ಸುತ್ತಿಸಿ ಇಳಿಬಿಟ್ಟೆವು.

ಹೀಗಿರುವಾಗ ಬೆಂಗಳೂರಿನಲ್ಲಿ ಮಗಳ ಮನೆಗೆ ಹೋಗಿದ್ದೆನು. ಅವರ ಹೊಸ ಮನೆಯ ಹಿತ್ತಿಲಿನಲ್ಲಿ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಒಂದು ಈಜುಕೊಳವಿದೆ; ಮೊಮ್ಮಕ್ಕಳು ಅದರಲ್ಲಿ ಮೀನುಮರಿಗಳಂತೆ ಆಡುತ್ತಿದ್ದರು. ಕೊಳದ ಮಗ್ಗುಲಿನ ಗೂಡಿನಲ್ಲಿ ಒಂದು ಪಂಪು ಸಣ್ಣ ದನಿಯಲ್ಲಿ ನಡೆಯುತ್ತಿತ್ತು. ನಾನು ನೋಡುತ್ತಿದ್ದಂತೆಯೇ, ಯಾರೂ ಮುಟ್ಟದೆ, ಅದು ಟಕ್ಕೆಂದು ನಿಂತಿತು. ಕೆಟ್ಟಿತೇನೋ ಎಂದು ಅಳಿಯನನ್ನು ಕೂಗಿದೆನು. ಅವನು ಬಂದು, ‘ಇಲ್ಲ ಮಾವ, ಅದರ ಪಾಲಿನ ಕೆಲಸ ಮುಗಿಯಿತು’ ಎಂದು ಗೂಡಿನ ಬಾಗಿಲನ್ನು ತೆರೆದು ತೋರಿಸಿದನು. ಗಡಿಯಾರದ ಮುಖದಂತಹ ಒಂದು ಬಿಲ್ಲೆ. ಅದರ ಅಂಚಿನ ಸುತ್ತ 96 ಹಲ್ಲುಗಳು, ಒಂದೊಂದು ಹಲ್ಲೂ ಕಾಲು ತಾಸಿನ ಗುರುತು. ಯಾವ ಹೊತ್ತಿನಲ್ಲಿ ಪಂಪು ನಡೆಯಬೇಕೋ ಆ ಹೊತ್ತಿನ ಹಲ್ಲುಗಳನ್ನು ಒತ್ತಿಟ್ಟರಾಯಿತು. ಕೊಳದ ನೀರಷ್ಟೂ ದಿನಕ್ಕೆ ಒಮ್ಮೆಯಾದರೂ ಮರಳಿನ ಸೋಸಣಿಗೆಯ ಮೂಲಕ ಹಾದು ಹಿಂದಿರುಗಬೇಕು. ಅದಕ್ಕಿಂತ ಕಡಮೆಯಾದರೆ ಪಾಚಿ ಕಟ್ಟುವುದು, ಹೆಚ್ಚಾದರೆ ಕರೆಂಟು ವ್ಯರ್ಥವಾಗುವುದು. ಎಷ್ಟು ಸಾಕು ಎಂಬುದನ್ನು ಲೆಕ್ಕಹಾಕಿ 6 ತಾಸಿಗೆ ಇಟ್ಟಿದ್ದೇನೆ ಎಂದು ಅವನು ವಿವರಿಸಿದನು. ಆ ಕೊಳದ ಅಳತೆಯನ್ನು ನಾನು ಮನಸ್ಸಿನಲ್ಲಿಯೇ ಗುಣಿಸಿ ನೋಡಿದೆನು: 800 ಘನ ಅಡಿ, ಸುಮಾರು 22,600 ಲೀಟರು. ಒಂದೇ ನೀರು ಸುತ್ತಿ ಸುತ್ತಿ ಬರುವ ಆ ಕೊಳಕ್ಕೆ ಇಷ್ಟೊಂದು ಎಚ್ಚರಿಕೆಯ ಅಳತೆಯಿರುವಲ್ಲಿ, ಒಮ್ಮೆ ಹೊರಬಂದರೆ ಮರಳಿ ಹೋಗದ ನೀರನ್ನು ಎತ್ತುವ ನಾನು ಅಳತೆಯೇ ಇಲ್ಲದೆ ಬಾಳುತ್ತಿದ್ದೇನಲ್ಲ ಎಂಬ ವಿಚಾರ ಅಂದು ರಾತ್ರಿ ನನ್ನನ್ನು ಬಹಳ ಹೊತ್ತು ನಿದ್ರೆಮಾಡಗೊಡಲಿಲ್ಲ.

ನೀರಿಗೂ ಕಾಲಕ್ಕೂ ನಮ್ಮ ದೇಶದಲ್ಲಿ ಇರುವ ನಂಟು ಬಹು ಪುರಾತನವಾದುದು. ನಮ್ಮ ಪೂರ್ವಿಕರು ಕಾಲವನ್ನು ನೀರಿನಿಂದ ಅಳೆದರು. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲೊಂದನ್ನು ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ಟರೆ, ರಂಧ್ರದಿಂದ ನೀರು ಒಳಗೇರಿ ಅದು ಮುಳುಗುವುದಕ್ಕೆ ಹಿಡಿಯುವ ಹೊತ್ತೇ ಒಂದು ಗಳಿಗೆ. ಅಂತಹ 60 ಗಳಿಗೆಗಳು ಕೂಡಿದರೆ ಒಂದು ಅಹೋರಾತ್ರ. ಆದುದರಿಂದ ಗಳಿಗೆಯೆಂದರೆ ಇಂದಿನ 24 ನಿಮಿಷ. ಮದುವೆಯ ಮುಹೂರ್ತವನ್ನು ಇಂತಹ ಬಟ್ಟಲಿನ ಮುಂದೆ ಕುಳಿತು ಕಾಯುವ ಪದ್ಧತಿ ಇತ್ತು. ಅಂತೆಯೇ ನೀರನ್ನು ಹರಿಯಿಸುವ ವಿದ್ಯೆಯಲ್ಲಿಯೂ ಅವರು ಅಲ್ಪರಾಗಿರಲಿಲ್ಲ. ನಮ್ಮ ಜಿಲ್ಲೆಯದೇ ಆದ ಹಂಪಿಯಲ್ಲಿ ರಾಣಿಯ ಸ್ನಾನಗೃಹವೆಂದು ಕರೆಯುವ ಕಟ್ಟಡದ ನಡುವೆ ಸುಮಾರು 15 ಮೀಟರ್ ಚೌಕದ ಕೊಳವಿದೆ. ಮಹಾನವಮಿ ದಿಬ್ಬದ ಬಳಿ ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗುವ ಕರಿಗಲ್ಲಿನ ಪುಷ್ಕರಣಿಯಿದೆ, ಅದರ ಕಡೆಗೆ ಕಲ್ಲಿನ ಕಂಬಗಳ ಮೇಲೆ ನೀರನ್ನು ಹೊತ್ತುತಂದ ಕಲ್ಲಿನ ದೋಣಿಗಳು ಇಂದಿಗೂ ನಿಂತಿವೆ. ಯಾವ ಪಂಪೂ ಇಲ್ಲದೆ, ನೆಲದ ವಾಟವೊಂದನ್ನೇ ನಂಬಿ, ಆ ನೀರು ರಾಜಧಾನಿಯೊಳಗೆ ನಡೆದುಬಂದಿತು. ಕೆರೆಯಿದ್ದ ಊರಿನಲ್ಲಿ ನೀರುಗಂಟಿಯಿದ್ದನು. ತೂಬನ್ನು ತೆರೆಯುವವನೂ ಮುಚ್ಚುವವನೂ ಅವನೇ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಣಯಿಸುವವನೂ ಅವನೇ. ತನ್ನ ಪಾಲು ಮುಗಿದ ಮೇಲೆ ಮಡೆಯನ್ನು ಮುಚ್ಚಿಕೊಳ್ಳುವುದು ಧರ್ಮವೆಂದು ಊರು ತಿಳಿದಿತ್ತು. ಅಂದು ನೀರು ಕಾಲವನ್ನು ಅಳೆಯಿತು. ಇಂದು ಕಾಲದಿಂದ ನೀರನ್ನು ಅಳೆಯುವ ಕರ್ತವ್ಯ ನಮ್ಮ ಪಾಲಿಗೆ ಬಂದಿದೆ.

ಊರಿಗೆ ಮರಳಿದ ವಾರದಲ್ಲಿಯೇ ಅಳಿಯ ತೋರಿಸಿದಂತಹ 96 ಹಲ್ಲಿನ ಟೈಮರನ್ನು ತರಿಸಿ ಹಾಕಿಸಿದೆನು. ಮೊದಲ ದಿನ ಅದು ಹೇಳಿದಂತೆ ನಡೆಯಿತು, ಎರಡನೆಯ ದಿನ ತಪ್ಪಿತು, ವಾರ ಕಳೆಯುವಷ್ಟರಲ್ಲಿ ಅದರ ಮುಖದಲ್ಲಿ ನಡುಹಗಲಾಗಿದ್ದಾಗ ನಮ್ಮ ಹೊಲದಲ್ಲಿ ಕೋಳಿ ಕೂಗುತ್ತಿತ್ತು. ಅದರೊಳಗಿನ ಗಡಿಯಾರವನ್ನು ತಿರುಗಿಸುವುದು ಕರೆಂಟೇ. ಕರೆಂಟು ಹೋದಾಗ ಗಡಿಯಾರವೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಮತ್ತೆ ಹೊರಡುತ್ತದೆ. ದಿನದ 24 ತಾಸಿನಲ್ಲಿ ಹಲವು ತಾಸು ಕರೆಂಟಿಲ್ಲದ ಹೊಲದಲ್ಲಿ ಅದು ಸರಿಯಾದ ಹೊತ್ತನ್ನು ಕಾಪಾಡಿಕೊಳ್ಳುವುದಾದರೂ ಹೇಗೆ? ಒಳಗೆ ಬ್ಯಾಟರಿಯಿರುವ ಬಗೆಯವು ಇವೆಯಾದರೂ, ಕರೆಂಟಿನ ಸರದಿಯೇ ವಾರಕ್ಕೊಮ್ಮೆ ಬದಲಾಗುವಲ್ಲಿ ಅವುಗಳಿಂದಲೂ ಪೂರ್ತಿ ಪ್ರಯೋಜನವಿಲ್ಲ.

ಕೊನೆಗೆ ಪೇಟೆಗೆ ಹೊರಟೆನು. ಕೂಡ್ಲಿಗಿಯಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವುಂಟು. ಸೊಂಟಕ್ಕೆ ಗಡಿಯಾರವನ್ನು ಸಿಕ್ಕಿಸಿಕೊಂಡು ನಿಮಿಷ ನಿಮಿಷಕ್ಕೂ ಲೆಕ್ಕವಿಟ್ಟು, ತೊಳೆಯುವುದಕ್ಕೆ ಒಂದು ಚೆಂಬು ಸಾಕಾದಲ್ಲಿ ಎರಡನೆಯ ಚೆಂಬನ್ನು ಮುಟ್ಟಬಾರದೆಂಬ ವ್ರತದಲ್ಲಿ ಬಾಳಿದ ಆ ಪುರುಷನ ಭಸ್ಮ ನಮ್ಮಂತಹ ಬರದ ಊರಿನಲ್ಲಿ ನೆಲೆಗೊಂಡಿರುವುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಾಣುತ್ತದೆ. ಪೇಟೆಗೆ ಹೋದಾಗಲೆಲ್ಲ ಅಲ್ಲಿ ಒಂದು ನಿಮಿಷ ನಿಂತು ಮುಂದಕ್ಕೆ ಹೋಗುವುದು ನನ್ನ ರೂಢಿ. ಅಂದೂ ಹಾಗೆಯೇ ನಿಂತು, ಕೆಟ್ಟ ಟೈಮರನ್ನು ಚೀಲದಲ್ಲಿ ಹಾಕಿಕೊಂಡು, ನಮ್ಮ ಮೋಟಾರನ್ನು ಮೂರು ಸಲ ಸುತ್ತಿಕೊಟ್ಟಿದ್ದ ಹುಡುಗನ ಅಂಗಡಿಗೆ ಹೋದೆನು. ಅವನು ನನ್ನ ಶಾಲೆಯಲ್ಲಿಯೇ ಓದಿದವನು. ಬಿಲ್ಲೆಯನ್ನು ತಿರುಗಿಸಿ ನೋಡಿ, ‘ಮೇಷ್ಟ್ರೇ, ಇದೇನೂ ಕೆಟ್ಟಿಲ್ರಿ. ನಮ್ಮ ಕರೆಂಟಿಗೆ ಹೊತ್ತು ಗೊತ್ತಿಲ್ಲ, ಹೊತ್ತು ಕೇಳೋ ಮಷೀನು ಇಲ್ಲಿ ಏನು ಮಾಡೀತು? ಅಳತೆ ಕೇಳೋದನ್ನ ಹಾಕೋಣ್ರಿ. ಕರೆಂಟು ಯಾವಾಗ ಬಂದ್ರೂ ಬರ್ಲಿ, ಇಷ್ಟು ಹೊತ್ತು ಓಡು, ಇಷ್ಟು ಹೊತ್ತು ನಿಲ್ಲು ಅಂದ್ರೆ ಸಾಕು. ಬೋರಿಗೂ ಉಸಿರು ಬೇಕಲ್ರಿ’ ಎಂದನು. ಈ ಮಾತನ್ನು ಅವನು ತಂತಿಯ ಸಿಪ್ಪೆ ಸುಲಿಯುತ್ತ ಸಹಜವಾಗಿ ಆಡಿದನು. ನನಗೆ ಅದು ಇಡೀ ಸಮಸ್ಯೆಯ ಬೀಗವನ್ನು ತೆರೆದ ಕೀಲಿಯಂತಿತ್ತು. ಹೊತ್ತು ಬೇರೆ, ಅಳತೆ ಬೇರೆ. ಇಂತಹ ಹೊತ್ತಿಗೆ ಮಾಡು ಎಂಬುದು ಒಂದು ವಿಧಿ. ಇಷ್ಟೇ ಮಾಡು ಎಂಬುದು ಇನ್ನೊಂದು ವಿಧಿ. ಹೊತ್ತು ನಮ್ಮ ಕೈಯಲ್ಲಿಲ್ಲದ ನಾಡಿನಲ್ಲಿ ಅಳತೆಯನ್ನಾದರೂ ನಮ್ಮ ಕೈಯಲ್ಲಿ ಇಟ್ಟುಕೊಳ್ಳಬಹುದು.

ಮರುದಿನ ಅವನು ಎರಡು ತಿರುಪಿನ ಹೊಸ ಟೈಮರಿನೊಡನೆ ಹೊಲಕ್ಕೆ ಬಂದನು. ಮೊದಲು ಮಾಡಿದ ಕೆಲಸ ಮೇನ್ ಇಳಿಸಿ, ಮೂರು ಫ್ಯೂಸುಗಳನ್ನೂ ಕಿತ್ತು ತನ್ನ ಜೇಬಿನಲ್ಲಿಯೇ ಹಾಕಿಕೊಂಡದ್ದು. ನಾವು ಕೆಲಸ ಮಾಡುತ್ತಿರುವಾಗ ಇನ್ನೊಬ್ಬರು ಬಂದು ತಿಳಿಯದೆ ಹಾಕಿಬಿಡಬಾರದಲ್ಲ ಎಂದನು. ಬಳಿಕ ಟೆಸ್ಟರಿನಿಂದ ಒಂದೊಂದು ತಂತಿಯನ್ನೂ ಮುಟ್ಟಿ ನೋಡಿದನು, ಅರ್ಥಿಂಗ್ ತಂತಿಯ ಗಂಟನ್ನು ಎಳೆದು ನೋಡಿದನು. ಸ್ಟಾರ್ಟರಿನ ಮುಚ್ಚಳವನ್ನು ತೆರೆದರೆ ಒಳಗೆ ಮೂರು ಜೊತೆ ಬೆಳ್ಳಿಯ ಬಣ್ಣದ ಬಿಂದುಗಳು, ಅವುಗಳ ಹಿಂದೆ ತಾಮ್ರದ ತಂತಿಯನ್ನು ಸುತ್ತಿದ ಕಾಯಿಲು. ಕಾಯಿಲಿಗೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ಆ ಬಿಂದುಗಳನ್ನು ಒಂದಕ್ಕೊಂದು ಎಳೆದು ಕೂಡಿಸುತ್ತದೆ, ಆಗ ಮೋಟಾರು ಹೊರಡುತ್ತದೆ; ಕಾಯಿಲಿನ ಕರೆಂಟು ತಪ್ಪಿದರೆ ಬಿಂದುಗಳು ಬಿಟ್ಟುಕೊಂಡು ಮೋಟಾರು ನಿಲ್ಲುತ್ತದೆ. ಮೋಟಾರನ್ನು ನಡೆಸುವ ಏಳೆಂಟು ಆಂಪಿಯರಿನ ಭಾರವನ್ನು ಹೊರುವುದು ಆ ಬಿಂದುಗಳು. ಟೈಮರಿಗೆ ಆ ಭಾರವಿಲ್ಲ. ಕಾಯಿಲಿಗೆ ಹೋಗುವ ಸಣ್ಣ ತಂತಿಯೊಂದನ್ನು ನಡುವೆ ಕತ್ತರಿಸಿ, ಆ ಎರಡು ತುದಿಗಳನ್ನೂ ಟೈಮರಿನ ಎರಡು ಮೊಳೆಗಳಿಗೆ ಬಿಗಿದನು. ಆನೆಯನ್ನು ನಡೆಸುವುದಕ್ಕೆ ಆನೆಯಷ್ಟು ಬಲ ಬೇಕಾಗಿಲ್ಲ, ಅಂಕುಶದ ಮೊನೆ ಸಾಕು ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆನು. ನೀರಿಲ್ಲದಾಗ ತಾನಾಗಿ ನಿಲ್ಲಿಸುವ, ಮೂರರಲ್ಲಿ ಒಂದು ಫೇಸು ತಪ್ಪಿದಾಗ ತಡೆಯುವ ಕಾವಲಿನ ಉಪಕರಣಗಳನ್ನೂ ಅವನು ಜೊತೆಗೆ ಕೂಡಿಸಿದನು. ಟೈಮರು ಅವುಗಳ ಕೆಲಸವನ್ನು ಮಾಡುವುದಿಲ್ಲ, ಅವು ಇರಲೇಬೇಕು ಎಂದು ಎಚ್ಚರಿಸಿದನು.

ಇನ್ನು ಉಳಿದದ್ದು ತಿರುಪುಗಳನ್ನು ಎಷ್ಟಕ್ಕೆ ಇಡಬೇಕೆಂಬ ಪ್ರಶ್ನೆ. ಅದನ್ನು ನಿರ್ಣಯಿಸುವವರು ನಾನೂ ಅಲ್ಲ, ಅವನೂ ಅಲ್ಲ, ಬೋರು. ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮನ್ನು ಇಟ್ಟೆವು. ಎರಡು ನಿಮಿಷಕ್ಕೆ ತುಂಬಿತು, ಎಂದರೆ ನಿಮಿಷಕ್ಕೆ 100 ಲೀಟರು. ನಾನು ಕೈಗಡಿಯಾರವನ್ನು ಹಿಡಿದು ಸ್ಟಾರ್ಟರಿನ ಮುಂದೆ ಕುಳಿತೆನು. 26ನೆಯ ನಿಮಿಷದಲ್ಲಿ ನೀರಿನ ಬಣ್ಣ ಬೆಳ್ಳಗಾಯಿತು, ಆಂಪಿಯರ್ ಮುಳ್ಳು 8ರ ಗೆರೆಯಿಂದ ನಡುಗುತ್ತ 5ಕ್ಕೆ ಇಳಿಯಿತು: ಪಂಪಿಗೆ ಗಾಳಿ ಸಿಕ್ಕಿತು. ನಿಲ್ಲಿಸಿದೆವು. ಇಪ್ಪತ್ತು ನಿಮಿಷ ಬಿಟ್ಟು ನಡೆಸಿದರೆ ನೀರು 15 ನಿಮಿಷಕ್ಕೇ ಒಡೆಯಿತು. ಅರ್ಧ ತಾಸು ಬಿಟ್ಟರೆ 21 ನಿಮಿಷಕ್ಕೆ. 36 ನಿಮಿಷ ಬಿಟ್ಟಾಗ ಮೊದಲಿನಂತೆಯೇ 26 ನಿಮಿಷ ನಡೆಯಿತು. ಎರಡು ನಿಮಿಷದಷ್ಟು ನೀರನ್ನು ಬೋರಿನಲ್ಲಿಯೇ ಉಳಿಸೋಣವೆಂದುಕೊಂಡು, 24 ನಿಮಿಷ ನಡೆ, 36 ನಿಮಿಷ ವಿಶ್ರಾಂತಿ ಎಂದು ತಿರುಪುಗಳನ್ನು ನಿಲ್ಲಿಸಿದೆವು. ಮೋಟಾರನ್ನು ಪದೇ ಪದೇ ಹೊರಡಿಸುವುದೂ ಒಳ್ಳೆಯದಲ್ಲ, ಹೊರಡುವ ಕ್ಷಣದಲ್ಲಿ ಅದು ಆರು ಪಟ್ಟಿನಷ್ಟು ಕರೆಂಟನ್ನು ಎಳೆಯುತ್ತದೆ, ತಾಸಿಗೊಮ್ಮೆಯಾದರೆ ತೊಂದರೆಯಿಲ್ಲ ಎಂದು ಹುಡುಗ ಒಪ್ಪಿದನು. ಅಂದು ಸಂಜೆ ಮನೆಗೆ ಬರುವ ದಾರಿಯಲ್ಲಿ ಆ 24 ಎಂಬ ಸಂಖ್ಯೆ ನನ್ನ ಮನಸ್ಸಿನಲ್ಲಿ ಹೊಳೆಯಿತು. ಅದು ಒಂದು ಗಳಿಗೆ. ತಾಮ್ರದ ಬಟ್ಟಲು ಮುಳುಗುವಷ್ಟು ಹೊತ್ತು ನಮ್ಮ ಬೋರು ಸುಖವಾಗಿ ನೀರು ಕೊಡುತ್ತದೆ. ಕರೆಂಟಿರುವ 7 ತಾಸಿನಲ್ಲಿ ಏಳು ಸಲ, ಏಳು ಗಳಿಗೆ. ಒಂದು ಗಳಿಗೆಗೆ 2,400 ಲೀಟರಿನಂತೆ 16,800 ಲೀಟರು. ನಮ್ಮ 400 ದಾಳಿಂಬೆ ಗಿಡಗಳಿಗೆ ಬೇಸಗೆಯ ಬಿರುಬಿಸಿಲಿನಲ್ಲಿ ಗಿಡವೊಂದಕ್ಕೆ 40 ಲೀಟರಿನಂತೆ ಡ್ರಿಪ್ಪಿನಲ್ಲಿ ಬಿಟ್ಟರೆ 16,000 ಲೀಟರು ಬೇಕು. ಉಳಿದುದು ದನಕರುಗಳಿಗೆ, ಬೇಲಿಯ ಮೇಲಿನ ಮಲ್ಲಿಗೆಯ ಬಳ್ಳಿಗೆ.

ಹಿಂದೆ 7 ತಾಸೂ ಬಿಡದೆ ನಡೆಸುತ್ತಿದ್ದಾಗ ತೊಟ್ಟಿಗೆ ಬೀಳುತ್ತಿದ್ದುದು ಇದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಬಂಡೆಯ ಬಿರುಕು ತನ್ನ ವೇಗದಲ್ಲಿ ಎಷ್ಟು ನೀರನ್ನು ಜಿನುಗಿಸಬಲ್ಲುದೋ ಅಷ್ಟೇ ನಮಗೆ ಸಲ್ಲುತ್ತಿತ್ತು. ಮಿಕ್ಕ ಹೊತ್ತೆಲ್ಲ ಮೋಟಾರು ಗಾಳಿಯನ್ನು ಕಡೆಯುತ್ತಿತ್ತು. ಈಗ ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಅದು ಸುಮ್ಮನಿರುವುದರಿಂದ ಹತ್ತು ಯೂನಿಟ್ಟಿಗೆ ಕಡಮೆಯಿಲ್ಲದಷ್ಟು ವಿದ್ಯುತ್ತು ಉಳಿಯುತ್ತದೆ. ನಮಗೆ ಬಿಲ್ಲು ಬರುವುದಿಲ್ಲ ನಿಜ. ಆದರೆ ಎಲ್ಲಿಯೋ ಕಲ್ಲಿದ್ದಲು ಉರಿದು, ಎಲ್ಲಿಯೋ ನದಿ ಧುಮುಕಿ ಹುಟ್ಟಿದ ಆ ಶಕ್ತಿಗೆ ಬೆಲೆಯಿಲ್ಲವೆಂದು ಭಾವಿಸುವುದು ಅನ್ನ ಪುಕ್ಕಟೆಯಾಗಿ ಸಿಕ್ಕಿತೆಂದು ಎಂಜಲು ಬಿಟ್ಟಂತೆ. ಟೈಮರನ್ನು ಹಾಕಿದಂದಿನಿಂದ ಇಂದಿನವರೆಗೆ ಮೋಟಾರು ಒಮ್ಮೆಯೂ ಸುಟ್ಟಿಲ್ಲ.

ಇಷ್ಟರಲ್ಲಿಯೇ ಮುಗಿದಿದ್ದರೆ ಇದು ನನ್ನೊಬ್ಬನ ಹೊಲದ ಕಥೆಯಾಗುತ್ತಿತ್ತು. ನಮ್ಮ ಟಿಸಿಯ, ಎಂದರೆ ಟ್ರಾನ್ಸ್‌ಫಾರ್ಮರಿನ, ಮೇಲೆ ಏಳು ಬೋರುಗಳಿವೆ, ಎಲ್ಲಕ್ಕೂ ಆಟೋ ಸ್ವಿಚ್ಚುಗಳಿವೆ. ಕರೆಂಟು ಬಂದ ಕ್ಷಣವೇ ಏಳು ಮೋಟಾರುಗಳು ಒಂದೇ ಉಸಿರಿಗೆ ಹೊರಟರೆ ಟಿಸಿ ಆ ಹೊರೆಯನ್ನು ತಾಳುವುದಿಲ್ಲ. ಫ್ಯೂಸು ಹಾರುವುದು, ಇಲ್ಲವೆ ಟಿಸಿಯೇ ಸುಟ್ಟು ಹೊಸದು ಬರುವವರೆಗೆ ಏಳೂ ಹೊಲಗಳು ಒಣಗುವುವು. ನೆಲದ ಕೆಳಗೂ ಇದೇ ಕಥೆ: ಬಿರುಕುಗಳು ಹೊಲದ ಬದುವನ್ನು ಅರಿಯವು, ಎಲ್ಲರೂ ಒಮ್ಮೆಗೇ ಎಳೆದರೆ ಎಲ್ಲರಿಗೂ ಗಾಳಿಯೇ ಗತಿ. ನನ್ನ ತೋಟದಲ್ಲಿ ನಡೆದುದನ್ನು ನೋಡಿ ಮೊದಲು ಪಕ್ಕದ ಹೊಲದವನು ಬಂದನು, ಆಮೇಲೆ ಇನ್ನಿಬ್ಬರು ಬಂದರು. ಅಮಾವಾಸ್ಯೆಯ ದಿನ ಬೇಸಾಯಕ್ಕೆ ಬಿಡುವಾದ್ದರಿಂದ ಏಳು ಮನೆಯವರೂ ಹುಣಸೆಯ ಮರದಡಿ ಕೂಡಿದೆವು. ಒಬ್ಬೊಬ್ಬರೂ ತಮ್ಮ ಬೋರನ್ನು ಡ್ರಮ್ಮಿಟ್ಟು ಅಳೆಯುವುದು, ಅದಕ್ಕೆ ತಕ್ಕಂತೆ ಟೈಮರನ್ನು ಇಡುವುದು, ಕರೆಂಟು ಬಂದಾಗ ಮೊದಲನೆಯವನದು ಕೂಡಲೇ, ಎರಡನೆಯವನದು ಐದು ನಿಮಿಷ ತಡೆದು, ಮೂರನೆಯವನದು ಹತ್ತು ನಿಮಿಷ ತಡೆದು, ಹೀಗೆ ಸರದಿಯ ಮೇಲೆ ಹೊರಡುವಂತೆ ಮಾಡುವುದು ಎಂದು ಮಾತಾಯಿತು. ಯಾರೂ ಕಾಗದದ ಮೇಲೆ ಬರೆಯಲಿಲ್ಲ, ಯಾರೂ ಇದುವರೆಗೆ ತಪ್ಪಲಿಲ್ಲ. ಊರಿನಿಂದ ಮರೆಯಾಗಿಹೋದ ನೀರುಗಂಟಿ ಏಳು ಪುಟ್ಟ ಡಬ್ಬಿಗಳ ರೂಪದಲ್ಲಿ ಹಿಂದಿರುಗಿ ಬಂದನೆಂದು ನನಗೆ ತೋರುತ್ತದೆ.

ತುಂಗಭದ್ರೆಯ ನೀರನ್ನು ಎತ್ತಿ ತಂದು ಕೂಡ್ಲಿಗಿ ತಾಲೂಕಿನ 74 ಕೆರೆಗಳನ್ನು ತುಂಬಿಸುವ ಯೋಜನೆ ಕೈಗೂಡುವ ಕಾಲದಲ್ಲಿ ನಾವು ಬಾಳುತ್ತಿದ್ದೇವೆ. ನನ್ನ ಅಜ್ಜ ಕನಸಿನಲ್ಲಿಯೂ ಕಾಣದಿದ್ದ ಭಾಗ್ಯವಿದು; ಕೆರೆ ತುಂಬಿದರೆ ಅದರ ಸುತ್ತಿನ ಬಂಡೆಯ ಬಿರುಕುಗಳೂ ತುಂಬುವುವು. ಆದರೆ ಅಳತೆಯನ್ನು ಕಲಿಯದ ಕೈಗೆ ಎಷ್ಟು ನೀರು ಬಂದರೂ ಸಾಲದು. ಹಡಗಲಿ ತಾಲೂಕಿನ ಮೈಲಾರದಲ್ಲಿ ಮಾಘಮಾಸದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವುದಕ್ಕೆ ಮೊದಲು ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಆ ವರ್ಷದ ಮಳೆಬೆಳೆಯ ಸೂಚನೆಯನ್ನು ಕೇಳಿಸಿಕೊಳ್ಳುವುದಕ್ಕೆ ಆ ಮೌನ ಬೇಕು. ರಾತ್ರಿ ಹೊಲದ ಮನೆಯಲ್ಲಿ ಮಲಗಿದಾಗ ಗಳಿಗೆ ತುಂಬಿ ಟೈಮರು ಟಕ್ಕೆಂದು ಮೋಟಾರನ್ನು ನಿಲ್ಲಿಸಿದರೆ, ಅಂತಹುದೇ ಒಂದು ಮೌನ ಹೊಲದ ಮೇಲೆ ಇಳಿಯುತ್ತದೆ. ಆಗ 400 ಅಡಿಯ ಕೆಳಗೆ ಕತ್ತಲಲ್ಲಿ, ಕಲ್ಲಿನ ಸಂದಿಯಿಂದ ನೀರು ಮೆಲ್ಲನೆ ಊರುತ್ತ, ಒಂದೊಂದೇ ಮೆಟ್ಟಿಲನ್ನು ಏರುತ್ತಿದೆ ಎಂಬ ಅರಿವಿನಿಂದ ನನಗೆ ನೆಮ್ಮದಿಯಾದ ನಿದ್ರೆ ಬರುತ್ತದೆ.

ಬೋರು ಇರುವ ನನ್ನ ಓದುಗರಲ್ಲಿ ಒಂದು ಪ್ರಾರ್ಥನೆ. ಮೋಟಾರನ್ನು ಹೊರಡಿಸುವ ಅನುಕೂಲವನ್ನು ಕುರಿತು ಯೋಚಿಸುವ ಮೊದಲು ಅದನ್ನು ನಿಲ್ಲಿಸುವ ಏರ್ಪಾಡನ್ನು ಕುರಿತು ಯೋಚಿಸಿರಿ. ಕೆಲಸ ಬಲ್ಲವನನ್ನು ಕರೆಯಿಸಿ, ಮೇನ್ ಇಳಿಸಿ, ಫ್ಯೂಸು ಕಿತ್ತು, ಟೈಮರನ್ನು ಹಾಕಿಸಿರಿ. ಅದಕ್ಕೆ ಮುಂಚೆ ಒಂದು ದಿನ ಒಂದು ಡ್ರಮ್ಮನ್ನೂ ಒಂದು ಗಡಿಯಾರವನ್ನೂ ತೆಗೆದುಕೊಂಡು ಪೈಪಿನ ಬಾಯ ಹತ್ತಿರ ಕುಳಿತುಕೊಳ್ಳಿರಿ. ನಮ್ಮ ಬೋರಿನ ಅಳತೆ 24 ನಿಮಿಷ. ನಿಮ್ಮದು ಎಷ್ಟೆಂಬುದನ್ನು ನಿಮ್ಮ ಬೋರನ್ನೇ ಕೇಳಬೇಕು.